ಕರಾವಳಿಯ ಮಳೆ ಕೇಳುವ ಚಳ್ಳಕೆರೆಯ ದುರುಗಕ್ಕ

ಚಳ್ಳಕೆರೆಯಿಂದ ಚಿತ್ರದುರ್ಗದ ಕಡೆಗೆ ಹೊರಟರೆ ಎಣ್ಣೆ ಮಿಲ್ಲುಗಳ ಸಾಲು ಮುಗಿದು ಬಯಲು ಶುರುವಾಗುವಲ್ಲಿ ಒಂದು ಹೊಂಗೆಮರ, ಅದರ ಪಕ್ಕಕ್ಕೆ ತಗಡಿನ ಚಪ್ಪರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಪ್ಪರದ ಮುಂದೆ ಲಾರಿಯಷ್ಟೇ ಉದ್ದದ ಟಾರ್ಪಾಲೊಂದು ನೆಲಕ್ಕೆ ಹಾಸಿದೆ. ಅದರ ನಟ್ಟನಡುವೆ ಕಾಲು ಚಾಚಿ ಕೂತು ಹರಿದ ಅಂಚಿಗೆ ತೇಪೆ ಹಾಕುತ್ತಿರುವವರು ದುರುಗಕ್ಕ. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡಿದ್ದಾರೆ. ದಬ್ಬಣವನ್ನು ಆ ಪಟ್ಟಿಯಿಂದ ಒತ್ತಿ ದಪ್ಪ ಬಟ್ಟೆಯೊಳಗೆ ತೂರಿಸಿ, ಮೇಣ ಉಜ್ಜಿದ ದಾರವನ್ನು ಆಚೆ ಬದಿಯಿಂದ ಸರ್ರನೆ ಎಳೆಯುತ್ತಾರೆ. ಬೇಸಿಗೆಯ ಕೊನೆಯ ದಿನಗಳು. ಈ ಹೊತ್ತಿಗೇ ಗಾಳಿ ಬೆಚ್ಚಗಿದೆ.

ಹೊಂಗೆಯ ಕೊಂಬೆಗೆ ನೇತುಹಾಕಿದ ರೇಡಿಯೋದಲ್ಲಿ ವಾರ್ತೆ ಬರುತ್ತಿದೆ. ದೇಶದ ಸುದ್ದಿ, ರಾಜ್ಯದ ಸುದ್ದಿ ಎಲ್ಲಕ್ಕೂ ದಬ್ಬಣ ತನ್ನ ಪಾಡಿಗೆ ತಾನು ಓಡುತ್ತಲೇ ಇರುತ್ತದೆ. ಕಡೆಗೆ ಹವಾಮಾನ ಬರುತ್ತದೆ. "ಕರಾವಳಿಯ ಜಿಲ್ಲೆಗಳಲ್ಲಿ..." ಎಂಬ ಮಾತು ಕೇಳಿದ್ದೇ ದುರುಗಕ್ಕನ ಕೈ ನಿಲ್ಲುತ್ತದೆ. ತಲೆ ಸ್ವಲ್ಪ ವಾಲಿಸಿ, ಕಣ್ಣು ನೆಲಕ್ಕೆ ನೆಟ್ಟು ಕೇಳುತ್ತಾರೆ. ಕರಾವಳಿ ಮುಗಿದು ಒಳನಾಡಿನ ಮಾತು ಬಂದಾಗ ಮತ್ತೆ ದಾರ ಎಳೆಯುತ್ತಾರೆ. ನಿಮ್ಮೂರಿನ ಹವಾಮಾನ ಬೇಡವೇ ಎಂದು ಕೇಳಿದರೆ ನಗುತ್ತಾರೆ. "ನಮ್ದೇನ್ ಕೇಳಾದು? ಚಳ್ಳಕೆರೆಯಾಗೆ ಬಿಸ್ಲೈತೆ ಅಂತ ರೇಡಿಯೋದೋರು ಬಂದು ಹೇಳ್ಬೇಕಾ?"

ಅಷ್ಟರಲ್ಲಿ ರಾಯದುರ್ಗದ ಕಡೆಯ ಲಾರಿಯೊಂದು ಬಂದು ನಿಲ್ಲುತ್ತದೆ. ಡ್ರೈವರ್ ಕೆಳಗಿಳಿಯುವುದೂ ಇಲ್ಲ, ಕಿಟಕಿಯಿಂದ ಕತ್ತು ಚಾಚಿ, "ಅಕ್ಕಾ, ವಾನ ಉಂದಾ?" ಎನ್ನುತ್ತಾನೆ. ಮಳೆ ಇದೆಯಾ ಅಂತ. ದುರುಗಕ್ಕನೂ ತೆಲುಗಿನಲ್ಲೇ, ಸಂಜೆಯ ಮೇಲೆ ಬರಬಹುದಂತೆ, ಬರದೆಯೂ ಇರಬಹುದಂತೆ ಎಂದು ಹೇಳುತ್ತಾರೆ. ಡ್ರೈವರ್ ಒಂದು ಗಳಿಗೆ ಯೋಚಿಸಿ, ಇಳಿದು ಬಂದು, ಲಾರಿಯ ಹಿಂಬದಿಯಲ್ಲಿ ಸಡಿಲವಾಗಿದ್ದ ಹಗ್ಗವನ್ನು ಎಳೆದು ಬಿಗಿದು ಮತ್ತೆ ಹತ್ತುತ್ತಾನೆ. ಅವನ ಲಾರಿಯಲ್ಲಿರುವುದು ಶೇಂಗಾ ಹಿಂಡಿಯ ಮೂಟೆಗಳು. ಒಂದು ಮೂಲೆಯಲ್ಲಿ ನೀರು ಇಳಿದರೂ ಸಾಕು, ಊರು ಸೇರುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.

ಚಳ್ಳಕೆರೆಯಿಂದ ಹಿಂಡಿ, ಹುಣಸೆಹಣ್ಣು, ಕಂಬಳಿ ಹೇರಿಕೊಂಡು ಕುಂದಾಪುರ, ಮಂಗಳೂರಿನ ಕಡೆ ಹೋಗುವ ಲಾರಿಗಳು ಬಹಳ. ಹೊರಡುವಾಗ ಇಲ್ಲಿ ಕೆಂಡದಂಥ ಬಿಸಿಲಿರುತ್ತದೆ. ಅದನ್ನು ನಂಬಿ ಹೊರಟವರಿಗೆ ಘಾಟಿಯ ನೆತ್ತಿಯಲ್ಲಿ ಆಕಾಶ ಬೇರೆಯದೇ ಆಗಿರುತ್ತದೆ. ಮಳೆಗಾಲದಲ್ಲಿ ಈ ತೊಂದರೆಯಿಲ್ಲ ಎನ್ನುತ್ತಾರೆ ದುರುಗಕ್ಕ. "ಮಳೆಗಾಲ ಅಂದ್ರೆ ಎಲ್ರಿಗೂ ಗೊತ್ತಿರ್ತೈತೆ, ಎಲ್ಡು ಟಾರ್ಪಾಲು ಹೊದ್ಸಿ ಕಟ್ಕೊಂಡೇ ಹೊರಡ್ತಾರೆ. ಈ ಬ್ಯಾಸ್ಗೆ ಮುಗಿಯೋ ಹೊತ್ತೈತಲ್ಲ, ಇದೇ ಮೋಸದ ಕಾಲ. ಮೊದ್ಲು ಮಳೆಗೆ ರಸ್ತೆ ಜಾರಾದು ಎಣ್ಣೆ ಚೆಲ್ದಂಗೆ."

ರೇಡಿಯೋ ಒಂದನ್ನೇ ನಂಬಿಕೊಂಡು ಅವರು ಕೂರುವುದಿಲ್ಲ. ಹುಲಿಕಲ್ ಘಾಟಿಗೆ ಮುನ್ನ ಮಾಸ್ತಿಕಟ್ಟೆಯ ಹತ್ತಿರ ಟೀ ಅಂಗಡಿ ಇಟ್ಟಿರುವ ಶಾರದಮ್ಮ ಎಂಬಾಕೆಗೆ ದಿನಾ ಬೆಳಗ್ಗೆ ಫೋನು ಹೋಗುತ್ತದೆ. ಯಾವುದೋ ಕಾಲದಲ್ಲಿ ಲಾರಿ ಡ್ರೈವರೊಬ್ಬ ಆ ಅಂಗಡಿಯ ನಂಬರು ತಂದುಕೊಟ್ಟಿದ್ದ. ಇಬ್ಬರೂ ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಆದರೆ ಶಾರದಮ್ಮನ ಸೊಸೆಯ ಬಾಣಂತನದಿಂದ ಹಿಡಿದು ದುರುಗಕ್ಕನ ಮಂಡಿನೋವಿನವರೆಗೆ ಇಬ್ಬರಿಗೂ ಎಲ್ಲವೂ ಗೊತ್ತು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಮಗ್ಗದ ಮನೆಗೆ ಸೊಸೆಯಾಗಿ ಹೋಗಿರುವ ಮಗಳು ಆಶಾ, ಮಗ್ಗದ ಮುಂದೆ ಕೂರುವ ಮೊದಲು, ಮೊಬೈಲಿನಲ್ಲಿ ಬರುವ ಮಳೆ ಎಚ್ಚರಿಕೆಯ ಬಣ್ಣ ಹಳದಿಯೋ, ಅದಕ್ಕಿಂತ ಜೋರಿನ ಕಿತ್ತಳೆಯೋ ಎಂದು ಅವ್ವನಿಗೆ ಓದಿ ಹೇಳುತ್ತಾಳೆ. ರೇಡಿಯೋ, ಶಾರದಮ್ಮ, ಆಶಾ. ಈ ಮೂರೂ ಸೇರಿ ದುರುಗಕ್ಕನ ಬಾಯಿಂದ ಒಂದು ಮಾತಾಗಿ ಲಾರಿಯವರ ಕಿವಿಗೆ ಬೀಳುತ್ತದೆ. ಅದಕ್ಕೆ ಅವರು ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಹೊಟ್ಟೆಪಾಡು ಟಾರ್ಪಾಲು ಹೊಲಿಗೆಯದು. ಕೆಲಸ ಕೂಡಿಬಂದ ದಿನ ಮೂರ್ನಾಲ್ಕು ಟಾರ್ಪಾಲು ಕೈಯಿಂದ ದಾಟುತ್ತವೆ, ಕೆಲವು ದಿನ ಒಂದೂ ಇರುವುದಿಲ್ಲ.

ದುರುಗಕ್ಕ ಹುಟ್ಟಿದ್ದು ಕುದಾಪುರದ ಹತ್ತಿರದ ಹಟ್ಟಿಯಲ್ಲಿ. ಅಪ್ಪ ಕುರಿ ಮೇಯಿಸುತ್ತಿದ್ದರು. ಆಗ ಅಲ್ಲಿ ಕಣ್ಣು ಹರಿದಷ್ಟೂ ಹುಲ್ಲು. ಈಗ ದೊಡ್ಡ ದೊಡ್ಡ ಸಂಸ್ಥೆಗಳ ಕಾಂಪೌಂಡು ಬಂದು, ಊರಿಗೆ ಹೋದಾಗ ಗೋಡೆಯ ಪಕ್ಕವೇ ನಡೆದುಹೋಗಬೇಕು. ಮದುವೆಯಾಗಿ ಚಳ್ಳಕೆರೆಗೆ ಬಂದರು. ಗಂಡ ಬೊಮ್ಮಲಿಂಗಪ್ಪ ಲಾರಿ ಡ್ರೈವರ್. ತಿಂಗಳಲ್ಲಿ ಅರ್ಧದಷ್ಟು ದಿನ ಮನೆಯಲ್ಲಿರುತ್ತಿರಲಿಲ್ಲ. ಬಂದಾಗಲೆಲ್ಲ ಕಡಲ ಕತೆ. ಅಷ್ಟು ನೀರು ಇದ್ದರೂ ಕುಡಿಯೋಕೆ ಒಂದು ಲೋಟ ಸಿಗಲ್ಲ ಕಣೇ ಎಂದು ನಗುತ್ತಿದ್ದರಂತೆ.

ಆಶಾ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಇಂಥದ್ದೇ ಬೇಸಿಗೆಯ ಕೊನೆಯಲ್ಲಿ, ಘಾಟಿ ಇಳಿಯುವಾಗ ಬೊಮ್ಮಲಿಂಗಪ್ಪನವರ ಲಾರಿ ತಿರುವಿನಲ್ಲಿ ಜಾರಿ ಕೆಳಗೆ ಹೋಯಿತು. ಸುದ್ದಿ ಬಂದಾಗ ದುರುಗಕ್ಕ ಮನೆಯ ಮುಂದೆ ಮೆಣಸಿನಕಾಯಿ ಒಣಹಾಕುತ್ತಿದ್ದರು. "ನಂಬಾಕೇ ಆಗ್ಲಿಲ್ಲ. ಮಳೆ ಬಂದು ಜಾರ್ತು ಅಂದ್ರು. ಆಕಾಶ ನೋಡಿದ್ರೆ ಒಂದು ಚೂರು ಮೋಡ ಇಲ್ಲ. ಎಲ್ಲಿ ಮಳೆ, ಯಾವ ಮಳೆ ಅಂತ ನಾನೇ ಅವ್ರ ಮ್ಯಾಲೆ ಕೂಗಾಡ್ದೆ." ಮಣ್ಣು ಮಾಡಿ ಬಂದ ಮೇಲೆ ನೆರೆಮನೆಯವರೊಬ್ಬರು, ಪಾಪ, ಮಾತಿಗೆ ಮಾತು ಬಂದು, ಅವತ್ತು ಬೆಳಗ್ಗೆ ರೇಡಿಯೋದಲ್ಲಿ ಹೇಳಿದ್ದರಲ್ಲ, ಆ ಕಡೆ ಮಳೆ ಅಂತ, ಎಂದುಬಿಟ್ಟರು. ದುರುಗಕ್ಕನಿಗೆ ಅದು ಎದೆಗೆ ನಾಟಿತು. ಹೇಳಿದ್ದರು. ಯಾರೋ ಕೇಳಿಯೂ ಇದ್ದರು. ಹೋಗುವವನಿಗೆ ಮಾತ್ರ ಯಾರೂ ಹೇಳಲಿಲ್ಲ.

ಇದೇ ಹೊಂಗೆಮರದ ಹತ್ತಿರವಿದ್ದ ಲಾರಿ ಸ್ಟ್ಯಾಂಡಿನಲ್ಲಿ ಟಾರ್ಪಾಲು ಹೊಲಿಯುತ್ತಿದ್ದ ಜೋಗಪ್ಪನವರು ಬೊಮ್ಮಲಿಂಗಪ್ಪನ ಸ್ನೇಹಿತರು. ಅವರೇ ಕರೆದು ಕೈಗೆ ದಬ್ಬಣ ಕೊಟ್ಟರು. ಹೆಣ್ಣಾಳು ಲಾರಿ ಸ್ಟ್ಯಾಂಡಿನಲ್ಲಿ ಕೂತು ಹೊಲಿಯುವುದೇ ಎಂದು ಆಡಿಕೊಂಡವರಿದ್ದರು. ಮೊದಲ ವರ್ಷ ಬೆರಳುಗಳೆಲ್ಲ ಗಾಯ, ರಾತ್ರಿ ಮುದ್ದೆ ಮುರಿಯಲು ಆಗುತ್ತಿರಲಿಲ್ಲ, ಅತ್ತೆಯೇ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಜೋಗಪ್ಪನವರ ಕಣ್ಣು ಮಂಜಾದ ಮೇಲೆ ಕೆಲಸವೆಲ್ಲ ದುರುಗಕ್ಕನ ಕೈಗೆ ಬಂತು. ಈಗಲೂ ಅವರು ಬೆಳಗ್ಗೆ ಬಂದು ಹೊಂಗೆಮರದ ಬುಡದಲ್ಲಿ ಕೂರುತ್ತಾರೆ, ಬೆರಳಲ್ಲಿ ಮುಟ್ಟಿ ನೋಡಿ ಹೊಲಿಗೆ ಸಡಿಲವಾದರೆ ಬೈಯುತ್ತಾರೆ. ದಬ್ಬಣದ ಜೊತೆಗೇ ರೇಡಿಯೋ ಕೇಳುವುದೂ ಶುರುವಾಯಿತು. ಮೊದಲ ದಿನವೇ ಲಾರಿಯವನೊಬ್ಬನಿಗೆ, "ಅಣ್ಣಾ, ಆ ಕಡೆ ಮಳೆಯಂತೆ" ಎಂದು ತಾನಾಗಿ ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಅವನು ಇವಳಿಗೇನು ಬಂತು ಎಂಬಂತೆ ನೋಡಿ ಹೋದ. ಬರಬರುತ್ತಾ ಲಾರಿಯವರೇ ನಿಲ್ಲಿಸಿ ಕೇಳಲು ಶುರುಮಾಡಿದರು. ದುರುಗಕ್ಕ ನಿಲ್ಲು ಎಂದರೆ ನಿಲ್ಲುವುದು, ಹೋಗು ಎಂದರೆ ಹೋಗುವುದು.

ಹೀಗೆ ನಿಲ್ಲಿಸಿ ಕೇಳುತ್ತಿದ್ದವರಲ್ಲಿ ಬಿ.ಜಿ. ಕೆರೆಯ ಚಿರಂಜೀವಿಯೂ ಒಬ್ಬ. ಬರೀ ಕೇಳಿಕೊಂಡು ಹೋಗುವವರ ನಡುವೆ, ಕೂತು ಮಾತಾಡಿಕೊಂಡು ಹೋಗುವ ಹುಡುಗ. ಕ್ಲೀನರ್ ಆಗಿದ್ದಾಗಿನಿಂದ ಅವನ ಲಾರಿಯ ಟಾರ್ಪಾಲಿಗೆ ಬೇರೆಯವರ ಹೊಲಿಗೆ ಬಿದ್ದಿಲ್ಲ. ಬಂದವನೇ ಚಪ್ಪರದೊಳಗೆ ನುಗ್ಗಿ, "ಅಕ್ಕ, ಏನೈತೆ ತಿನ್ನಾಕೆ?" ಎಂದು ತಾನೇ ಪಾತ್ರೆ ಮುಚ್ಚಳ ತೆಗೆಯುತ್ತಿದ್ದ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಅಣ್ಣ ಮಾರುತೇಶ. ಶಾಲೆ ಬಿಟ್ಟು ಕೂಲಿಗೆ ಹೋಗಿ, ಕಡೆಗೆ ಗಂಗೊಳ್ಳಿಯ ಮೀನು ಬಂದರಿನಲ್ಲಿ ಐಸು ಹೊರುವ ಕೆಲಸ ಹಿಡಿದು, ತಮ್ಮನಿಗೆ ಲೈಸೆನ್ಸು ಮಾಡಿಸಿ, ಮದುವೆ ಮಾಡಿ, ತಾನು ಮಾತ್ರ ಹಾಗೇ ಉಳಿದಿದ್ದ.

ಹೋದ ವರ್ಷ ಮೇ ತಿಂಗಳಲ್ಲಿ ಮಾರುತೇಶ ಬಂದರಿನ ಒದ್ದೆ ಕಟ್ಟೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಅಲ್ಲೇ ಹತ್ತಿರದ ಆಸ್ಪತ್ರೆಗೆ ಸೇರಿಸಿದ್ದರು. ಚಿರಂಜೀವಿಗೆ ಅದೇ ವಾರ ಕುಂದಾಪುರದ ಕಡೆಗೆ ಹಿಂಡಿಯ ಲೋಡು ಸಿಕ್ಕಿತು. ಬೆಳಗ್ಗೆ ಲಾರಿ ತಂದು ಚಪ್ಪರದ ಮುಂದೆ ನಿಲ್ಲಿಸಿ, "ಲೋಡೂ ಆಯ್ತು, ಅಣ್ಣನ್ನ ನೋಡ್ದಂಗೂ ಆಯ್ತಕ್ಕ" ಎಂದ. ಮುಖದಲ್ಲಿ ಅಂಥ ಆತಂಕವೇನೂ ಇರಲಿಲ್ಲ. ಮೂಳೆ ಮುರಿದಿದೆ, ಕೂಡುತ್ತದೆ ಎಂದೇ ಎಲ್ಲರೂ ತಿಳಿದಿದ್ದರು.

ಆವತ್ತಿನ ಬೆಳಗಿನ ವಾರ್ತೆಯಲ್ಲಿ ಕರಾವಳಿಗೂ ಘಾಟಿಗೂ ಜೋರು ಗಾಳಿ, ಭಾರಿ ಮಳೆಯ ಮುನ್ಸೂಚನೆ ಇತ್ತು. ಆಶಾ ಫೋನು ಮಾಡಿ ಬಣ್ಣ ಕಿತ್ತಳೆ ಎಂದಳು. ಶಾರದಮ್ಮ, "ಬೆಳಗಾದ್ರೂ ಕತ್ತಲೆ ಕಳ್ದಿಲ್ಲ ಮಾರಾಯ್ತಿ, ಗಾಳಿಗೆ ಅಂಗಡಿ ತಗಡು ಹಾರ್ತದೇನೋ ಅನ್ಸ್ತಿದೆ" ಎಂದರು. ದುರುಗಕ್ಕ ದಬ್ಬಣ ಕೆಳಗಿಟ್ಟು ಎದ್ದು ಬಂದು ಲಾರಿಯ ಬಾಗಿಲಿಗೆ ಕೈಯಿಟ್ಟರು.

"ಹೋಗ್ಬ್ಯಾಡ ಚಿರಂಜೀವಿ. ಇವತ್ತು ಇಲ್ಲೇ ನಿಲ್ಲು."

ಅವನು ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದ. ಮಾರುತೇಶನ ದನಿ ದುರುಗಕ್ಕನಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ನಂಗೇನಾಗೈತಲೇ? ಗಂಜಿ ಕುಡ್ದು ಕುಂತಿದೀನಿ. ಮಳೆಯಾಗೆ ಘಾಟಿ ಇಳೀಬ್ಯಾಡ. ದುರುಗಕ್ಕ ಹೇಳ್ದಂಗೆ ಕೇಳು." ಚಿರಂಜೀವಿ ನಕ್ಕು, ಲಾರಿಯನ್ನು ಮರದ ನೆರಳಿಗೆ ಸರಿಸಿದ. ಮಧ್ಯಾಹ್ನ ಜೋಗಪ್ಪನವರ ಜೊತೆ ಕೂತು ಚೌಕಾಬಾರ ಆಡಿದ.

ಮಾರನೆಯ ಬೆಳಗ್ಗೆಯೂ ರೇಡಿಯೋ ಅದನ್ನೇ ಹೇಳಿತು. ಆದರೆ ಶಾರದಮ್ಮನ ಮಾತು ಬೇರೆಯಾಗಿತ್ತು. "ಒಂದು ಹನಿ ಬಿದ್ದಿಲ್ಲ ನೋಡು. ಮೋಡ ಬರ್ತದೆ, ಗಾಳಿ ಎತ್ಕೊಂಡು ಹೋಗ್ತದೆ." ದುರುಗಕ್ಕ ಎರಡನ್ನೂ ಚಿರಂಜೀವಿಗೆ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಅವನು ಹಲ್ಲುಜ್ಜುತ್ತಾ ಕೇಳಿಸಿಕೊಂಡು, ಬಾಯಿ ಮುಕ್ಕಳಿಸಿ, "ಹಂಗಾದ್ರೆ ಏನ್ ಮಾಡ್ಲಿ? ನೀನೇ ಹೇಳಕ್ಕ" ಎಂದ.

ಇಲ್ಲಿಗೆ ಬಂದಾಗ ದುರುಗಕ್ಕ ದಬ್ಬಣ ಕೆಳಗಿಡುತ್ತಾರೆ. ಹೊಲಿಯುತ್ತಿರುವ ಟಾರ್ಪಾಲಿನ ಮೇಲೆ ಅಂಗೈ ಆಡಿಸಿ, ಇಲ್ಲದ ಸುಕ್ಕನ್ನು ನೇರ ಮಾಡುತ್ತಾರೆ.

"ಇವತ್ತೊಂದಿನ ನಿಲ್ಲು, ನಾಳೆ ನಿರಾಳವಾಗಿ ಹೋಗು ಅಂದೆ. ಅವ್ನು ಹೂಂ ಅಂದ. ಯಾಕೆ ಏನು ಅಂತ ಒಂದು ಮಾತು ಕೇಳ್ಲಿಲ್ಲ. ಕೇಳಿದ್ರೂ ಸಾಕಿತ್ತು ಅನ್ಸುತ್ತೆ ಒಂದೊಂದ್ಸಲ."

ಸಂಜೆ ಫೋನು ಬಂತು. ಮಧ್ಯಾಹ್ನದವರೆಗೂ ಮಾತಾಡುತ್ತಿದ್ದ ಮಾರುತೇಶನಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿತಂತೆ. ಮುರಿದ ಮೂಳೆಯ ಕಡೆಯಿಂದ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿದೆ ಎಂದು ಡಾಕ್ಟರು ಹೇಳಿದರಂತೆ. ಯಾರಿಗೂ ಏನೂ ಮಾಡುವಷ್ಟು ಹೊತ್ತು ಸಿಗಲಿಲ್ಲ. ಚಿರಂಜೀವಿ ಲಾರಿಯನ್ನು ಅಲ್ಲೇ ಬಿಟ್ಟು, ಹಾಕಿಕೊಂಡ ಬಟ್ಟೆಯಲ್ಲೇ ಸಿಕ್ಕ ಬಸ್ಸು ಹತ್ತಿದ. ದುರುಗಕ್ಕ ಅವನ ಕೈಗೆ ನೀರಿನ ಬಾಟ್ಲಿ ಕೊಡಲು ಓಡಿದರೆ ಬಸ್ಸು ಹೊರಟುಬಿಟ್ಟಿತ್ತು.

ಮಾರನೆಯ ದಿನ ಅಣ್ಣನ ದೇಹ ಇಟ್ಟುಕೊಂಡ ಆಂಬುಲೆನ್ಸು ಇದೇ ರಸ್ತೆಯಲ್ಲಿ ಬಿ.ಜಿ. ಕೆರೆಯ ಕಡೆಗೆ ಹೋಯಿತು. ದುರುಗಕ್ಕ ರಸ್ತೆಯಂಚಿಗೆ ಬಂದು ನಿಂತಿದ್ದರು. ಗಾಡಿ ನಿಧಾನ ಮಾಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತಿದ್ದ ಚಿರಂಜೀವಿ ಈ ಕಡೆ ತಿರುಗಿಯೂ ನೋಡಲಿಲ್ಲ. ತಿಥಿ ಮುಗಿಸಿ ಲಾರಿ ತೆಗೆದುಕೊಂಡು ಹೋಗಲು ಬಂದಾಗ ಅವನು ಆಡಿದ್ದು ಒಂದೇ ಮಾತು.

"ಘಾಟಿಯಾಗೆ ರಸ್ತೆ ಒಣಗಿತ್ತಕ್ಕ."

ಸಿಟ್ಟಿನಿಂದ ಹೇಳಲಿಲ್ಲ, ಚುಚ್ಚಲೆಂದೂ ಹೇಳಲಿಲ್ಲ ಎನ್ನುತ್ತಾರೆ ದುರುಗಕ್ಕ. ಕಂಡದ್ದನ್ನು ಕಂಡಂತೆ ಹೇಳಿ ಲಾರಿ ಹತ್ತಿದ. ಆ ಎರಡು ದಿನದ ಮಳೆ ಕಡಲಿನ ಮೇಲೇ ಸುರಿದುಹೋಗಿತ್ತು ಎಂದು ಆಮೇಲೆ ಗೊತ್ತಾಯಿತು. ಮುನ್ಸೂಚನೆ ಪೂರಾ ಸುಳ್ಳೂ ಅಲ್ಲ. ನೆಲದ ಮೇಲೆ ಬೀಳಬೇಕಾದ್ದು ನೀರಿನ ಮೇಲೆ ಬಿತ್ತು, ಅಷ್ಟೆ.

ದುರುಗಕ್ಕ ಬಿ.ಜಿ. ಕೆರೆಗೆ ಹೋದರು. ಹೋಗದಿರಲು ಮನಸ್ಸು ಒಪ್ಪಲಿಲ್ಲ, ಹೋದಮೇಲೆ ಒಳಗೆ ಕಾಲಿಡಲೂ ಆಗಲಿಲ್ಲ. ಹೊಸ್ತಿಲ ಹತ್ತಿರ ನಿಂತವರನ್ನು ಮಾರುತೇಶನ ತಾಯಿ ಸೂರಮ್ಮನೇ ಕೈಹಿಡಿದು ಒಳಗೆ ಕರೆದರು, ಪಕ್ಕಕ್ಕೆ ಕೂರಿಸಿಕೊಂಡರು. ಸೊಸೆಗೆ ಹೇಳಿ ಟೀ ಮಾಡಿಸಿದರು.

"ನಿಂದೇನೂ ತಪ್ಪಿಲ್ಲ ಕಣವ್ವ" ಎಂದರು ಸೂರಮ್ಮ, ಟೀ ಲೋಟ ಕೈಗಿಡುತ್ತಾ. "ನಿನ್ನ ಗಂಡ ಹಂಗೆ ಹೋದ. ಅದ್ಕೇ ನೀನು ಹೋಗೋರ್ನೆಲ್ಲ ಕೈಹಿಡ್ದು ನಿಲ್ಲಿಸ್ತೀಯ. ನಂಗೆ ಅರ್ಥ ಆಗಲ್ವಾ?"

ಸೂರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಯಾರಿಗೋ ಹೇಳುವಂತೆ ಸಣ್ಣಗೆ ಹೇಳಿದರು. "ಉಸ್ರು ಕಟ್ಟೋ ಮುಂಚೆ ಪಕ್ಕದ ಮಂಚದೋರ್ನ ಕೇಳಿದ್ನಂತೆ. ಮಳೆ ನಿಂತಿದ್ರೆ ನನ್ ತಮ್ಮ ಹೊರಟಿರ್ತಾನೆ, ನೋಡ್ರಿ ಬಂದ್ನಾ ಅಂತ."

ಘಾಟಿಯಲ್ಲಿ ಮಳೆಯೇ ಇರಲಿಲ್ಲ. ಆದರೂ ತಮ್ಮ ಬರದಿದ್ದಕ್ಕೆ ಮಳೆಯನ್ನೇ ಕಾರಣ ಮಾಡಿಕೊಂಡು ಅವನು ಕಾದಿದ್ದ. ಆ ಟೀಯನ್ನು ಹೇಗೆ ಕುಡಿದೆ ಎಂದು ತನಗೇ ಗೊತ್ತಿಲ್ಲ ಎನ್ನುತ್ತಾರೆ ದುರುಗಕ್ಕ.

ಅಲ್ಲಿಂದ ಬಂದವರು ರೇಡಿಯೋವನ್ನು ಕೊಂಬೆಯಿಂದ ಇಳಿಸಿ ಪೆಟ್ಟಿಗೆಯಲ್ಲಿಟ್ಟರು. ಶಾರದಮ್ಮನ ಫೋನು ಬಂದರೆ ಎತ್ತಲಿಲ್ಲ. ಲಾರಿಯವರು ನಿಲ್ಲಿಸಿ ಕೇಳಿದರೆ "ನಂಗೊತ್ತಿಲ್ಲಪ್ಪ" ಎನ್ನುವರು. ಟಾರ್ಪಾಲು ಹೊಲಿಯುವುದೊಂದೇ. ಇಡೀ ಮಳೆಗಾಲ ಹಾಗೇ ಕಳೆಯಿತು. ಮಳೆಗಾಲ ಮುಗಿದ ಮೇಲೆ ಹಿಂಗಾರಿನ ಒಂದು ದಿಢೀರ್ ಮಳೆಗೆ ದಾಸಣ್ಣ ಎಂಬ ಡ್ರೈವರ್ ತುಂಬಿದ ಲೋಡನ್ನು ಒದ್ದೆ ಮಾಡಿಕೊಂಡು ಬಂದ. "ಬೆಳಗ್ಗೆ ರೇಡಿಯೋದಾಗೆ ಹೇಳಿದ್ರಂತಲ್ಲಕ್ಕ, ನೀನು ಒಂದು ಮಾತು ಹೇಳಬಾರ್ದಾಗಿತ್ತಾ?" ಎಂದು ಅವನು ನೊಂದುಕೊಂಡಾಗ ದುರುಗಕ್ಕ ದಾರಕ್ಕೆ ಮೇಣ ಉಜ್ಜುತ್ತಲೇ ಇದ್ದರು. ಮರದ ಬುಡದಲ್ಲಿದ್ದ ಜೋಗಪ್ಪನವರಿಗೆ ತಡೆಯಲಾಗಲಿಲ್ಲ.

"ಏ ದುರುಗಿ, ನೀನು ಸುಮ್ಕಿದ್ರೆ ಮಳೆ ಸುಮ್ಕಿರ್ತೈತಾ? ರೇಡಿಯೋ ತಗಿ ಮೊದ್ಲು."

"ಹೇಳಿದ್ರೆ ಆ ಗತಿ, ಹೇಳ್ದೆ ಇದ್ರೆ ಈ ಗತಿ. ಏನ್ ಮಾಡ್ಲಿ ಮಾವ?"

"ಹೇಳು. ಆದ್ರೆ ಅವ್ರು ಹೇಳಿದ್ನ ಮಾತ್ರ ಹೇಳು."

ಆ ಮಾತು ದುರುಗಕ್ಕನ ತಲೆಯಲ್ಲಿ ಉಳಿಯಿತು. ರೇಡಿಯೋವನ್ನು ಮತ್ತೆ ಕೊಂಬೆಗೆ ಕಟ್ಟಿ, ಈ ಸಲ ಅದರ ಮಾತನ್ನು ಬೇರೆಯದೇ ಕಿವಿಯಿಂದ ಕೇಳಿದರು. ಇಷ್ಟು ವರ್ಷ ಕೇಳಿಯೂ ಗಮನಿಸದ ಒಂದು ಪದ ಅದರಲ್ಲಿತ್ತು. "ಅವ್ರು ಯಾವತ್ತೂ ಮಳೆ ಬರುತ್ತೆ ಅನ್ನಲ್ಲ. 'ಸಾಧ್ಯತೆ ಇದೆ' ಅಂತಾರೆ. ನಾನು ಅದನ್ನ 'ಬರ್ತೈತೆ' ಅಂತ ಮಾಡಿ ಹೇಳ್ತಿದ್ದೆ. ಸಾಧ್ಯತೆ ಅನ್ನಾದು ನಮ್ಮ ಬಾಯಾಗೆ ಬರೋ ಮಾತಲ್ಲ ನೋಡ್ರಿ. ನಮ್ಗೆ ಐತೆ, ಇಲ್ಲ. ಎಲ್ಡೇ ಗೊತ್ತಿರಾದು."

ಅಂದಿನಿಂದ ದುರುಗಕ್ಕನ ಮಾತು ಬದಲಾಗಿದೆ. ಬರಬಹುದಂತೆ, ಬರದೆಯೂ ಇರಬಹುದಂತೆ. ಘಾಟಿಯಲ್ಲಿ ಈಗ ಹೀಗಿದೆಯಂತೆ. ಮುಂದಿನದು ನಿನಗೆ ಬಿಟ್ಟದ್ದು. ಲಾರಿಯವರಿಗೆ ಇದು ಅಷ್ಟಾಗಿ ಹಿಡಿಸಿಲ್ಲ. "ಬರಬೋದು, ಬರದೆ ಇರಬೋದು ಅಂತ ನಮ್ಮಜ್ಜಿನೂ ಹೇಳ್ತಾಳೆ ಬಿಡಕ್ಕ" ಎಂದು ದಾಸಣ್ಣ ಎದುರಿಗೇ ಚೇಷ್ಟೆ ಮಾಡುತ್ತಾನೆ. ದುರುಗಕ್ಕನೂ ನಗುತ್ತಾರೆ. ಆದರೆ ನಿಲ್ಲು ಎಂದು ಲಾರಿಯ ಬಾಗಿಲಿಗೆ ಕೈಯಿಡುವುದನ್ನು ಮಾತ್ರ ಬಿಟ್ಟಿದ್ದಾರೆ.

ಚಿರಂಜೀವಿ ಆಮೇಲೆ ಈ ರಸ್ತೆಗೆ ಬರಲಿಲ್ಲ. ಊರಿನ ಹೊರಗಿಂದ ಬೈಪಾಸಿನಲ್ಲಿ ಹೋಗುತ್ತಾನೆ, ಟಾರ್ಪಾಲು ಹಿರಿಯೂರಿನಲ್ಲಿ ಹೊಲಿಸುತ್ತಾನೆ ಎಂದು ಬೇರೆ ಲಾರಿಯವರಿಂದ ತಿಳಿಯಿತು. ಹಿರಿಯೂರಿನ ಹೊಲಿಗೆ ಹೇಗಿರುತ್ತದೋ ಎಂಬ ಚಿಂತೆ ದುರುಗಕ್ಕನಿಗೆ. ಮಿಷನ್ನಿನಲ್ಲಿ ಹೊಲಿದುಬಿಡುತ್ತಾರಂತೆ, ಗಾಳಿಗೆ ಒಂದು ಕಡೆ ದಾರ ಬಿಟ್ಟುಕೊಂಡರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ. ಅದನ್ನು ಅವನಿಗೆ ಹೇಳಿಕಳಿಸಲೇ ಎಂದು ಎಷ್ಟೋ ಸಲ ಅನ್ನಿಸಿದರೂ ಹೇಳಿಕಳಿಸಲಿಲ್ಲ.

ಈ ವರ್ಷ ಮತ್ತೆ ಬೇಸಿಗೆ ಕೊನೆಗೆ ಬಂತು. ಕಳೆದ ವಾರ ಒಂದು ಬೆಳಗ್ಗೆ, ವಾರ್ತೆ ಮುಗಿದು ಶಾರದಮ್ಮನ ಜೊತೆ ಮಾತೂ ಮುಗಿದ ಮೇಲೆ, ಫೋನು ಮತ್ತೆ ಹೊಡೆದುಕೊಂಡಿತು. ಶಾರದಮ್ಮನೇ ಏನೋ ಮರೆತು ಮಾಡಿದ್ದಾರೆ ಎಂದು ಎತ್ತಿದರೆ ಆ ಕಡೆ ಲಾರಿಯ ಇಂಜಿನ್ ಸದ್ದು.

"ಅಕ್ಕ, ನಾನು."

ದುರುಗಕ್ಕನಿಗೆ ದನಿ ತಕ್ಷಣ ಗೊತ್ತಾಯಿತು. ದಬ್ಬಣವನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡರು.

"ಹೊಸನಗರದ ಹತ್ರ ಇದೀನಿ" ಎಂದ ಚಿರಂಜೀವಿ. "ಘಾಟಿ ಹೆಂಗೈತೆ?"

ದುರುಗಕ್ಕ ಒಂದೊಂದಾಗಿ ಹೇಳಿದರು. ಕರಾವಳಿಯಲ್ಲಿ ಗುಡುಗು ಮಳೆಯ ಸಾಧ್ಯತೆ ಇದೆ ಅಂತ ರೇಡಿಯೋದಲ್ಲಿ ಅಂದರು, ಬಣ್ಣ ಹಳದಿ ಅಂತ ಆಶಾ ಹೇಳಿದಳು, ಮಾಸ್ತಿಕಟ್ಟೆಯಲ್ಲಿ ಈಗ ಬಿಸಿಲಿದೆಯಂತೆ, ಆದರೆ ಬಹಳ ಸೆಖೆಯಂತೆ. ಅಷ್ಟು ಹೇಳಿ ನಿಲ್ಲಿಸಿದರು. ಇಂಜಿನ್ ಸದ್ದು ನಿಂತಿತು. ಲಾರಿಯನ್ನು ಬದಿಗೆ ಹಾಕಿದ್ದಾನೆ ಎಂದು ಅವರಿಗೆ ತಿಳಿಯಿತು.

"ಇಳೀಲಾ, ನಿಲ್ಲಲಾ?"

"ಅದನ್ನ ನಾನು ಹೇಳಲ್ಲ ಕಣಪ್ಪ ಈಗ. ಅವ್ರು ಹೇಳಿದ್ದಷ್ಟೇ ಹೇಳಾದು."

"ಬೇರೆಯೋರಿಗೆ ಹೇಳ್ದಂಗೆ ನಂಗೆ ಹೇಳಬ್ಯಾಡ. ಮೊದ್ಲು ಹೇಳ್ತಿದ್ಯಲ್ಲ, ಹಂಗೆ ಹೇಳು."

ನಿಲ್ಲು ಎಂದು ಹೇಳಿ, ಇವತ್ತೂ ರಸ್ತೆ ಒಣಗಿದ್ದರೆ? ಹೋಗು ಎಂದು ಹೇಳಿ, ಆ ತಿರುವಿನಲ್ಲಿ ಮೊದಲ ಮಳೆ ಬಿದ್ದರೆ? ಮರದ ಬುಡದಲ್ಲಿ ಜೋಗಪ್ಪನವರು ಮುಖವೆತ್ತಿ ಈ ಕಡೆಯ ಸದ್ದನ್ನೇ ಆಲಿಸುತ್ತಿದ್ದರು.

"ಅಲ್ಲಿ ನಿನ್ ದಾರಿ ಕಾಯೋರು ಯಾರಾದ್ರೂ ಇದಾರಾ?" ಎಂದು ಕೇಳಿದರು ದುರುಗಕ್ಕ ಕಡೆಗೆ. ಆ ಪ್ರಶ್ನೆಯನ್ನು ಹೋದ ವರ್ಷ ಸರಿಯಾಗಿ ಕೇಳಿರಲಿಲ್ಲ.

"ಯಾರಿದಾರೆ ಅಕ್ಕ ಈಗ? ಬರೀ ಲೋಡು."

"ಹಂಗಾದ್ರೆ ನಿಂತ್ಕೋ. ನಾನಾಗಿದ್ರೆ ನಿಲ್ತಿದ್ದೆ."

"ಹೂಂ" ಎಂದು ಅವನು ಫೋನಿಟ್ಟ.

ಆ ದಿನ ಹೊಲಿದ ಸಾಲನ್ನು ದುರುಗಕ್ಕ ಎರಡು ಸಲ ಬಿಚ್ಚಿದರು. ಹೊಲಿಗೆ ಸೊಟ್ಟ ಹೋಗುತ್ತಿತ್ತು. ಚಳ್ಳಕೆರೆಯಲ್ಲಿ ತಲೆ ಸೀಳುವ ಬಿಸಿಲು. ಮಧ್ಯಾಹ್ನ ಊಟಕ್ಕೆ ಕೂತು ಹಾಗೇ ಎದ್ದರು. ಮಗ್ಗದ ಕೆಲಸದ ನಡುವೆ ಆಶಾ ಫೋನು ಮಾಡಿ ಊಟ ಆಯ್ತಾ ಅವ್ವ ಎಂದಳು, ಆಯ್ತು ಎಂದು ಸುಳ್ಳು ಹೇಳಿದರು. ಮಳೆ ಬರಲಿ ಎಂದು ಬಯಸುವುದೋ, ಬಾರದಿರಲಿ ಎಂದು ಬಯಸುವುದೋ ಅವರಿಗೇ ತಿಳಿಯಲಿಲ್ಲ. ಬಂದರೆ ಘಾಟಿಯಲ್ಲಿ ಬೇರೆ ಯಾರು ಯಾರು ಇದ್ದಾರೋ. ಬರದಿದ್ದರೆ, ಒಬ್ಬ ಮನುಷ್ಯನನ್ನು ಎರಡನೆಯ ಸಲ ಸುಮ್ಮನೆ ನಿಲ್ಲಿಸಿದಂತಾಯಿತು.

ಹೊತ್ತು ಇಳಿಯುವ ಹೊತ್ತಿಗೆ ಶಾರದಮ್ಮನ ಫೋನು. ಆ ಕಡೆ ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಮಾತೇ ಕೇಳಿಸುತ್ತಿಲ್ಲ. "ಏನ್ ಮಳೆ ಅಂತೀಯ ಮಾರಾಯ್ತಿ! ಒಂದೇ ಸಲ ಬಂದು ಹೊಡೀತು. ಕೆಳಗಿನ ತಿರುವಲ್ಲಿ ಮರ ಬಿದ್ದಿದೆಯಂತೆ, ಗಾಡಿ ಯಾವ್ದೂ ಇಳೀತಿಲ್ಲ. ಪುಣ್ಯ, ಯಾರಿಗೂ ಏನೂ ಆಗ್ಲಿಲ್ಲ. ನಿಮ್ಮೂರ ಹುಡುಗ ಒಬ್ಬ ಮಧ್ಯಾಹ್ನದಿಂದ ನಮ್ಮ ಬೆಂಚ್ ಮೇಲೇ ಕೂತಿದ್ದಾನೆ. ನಿನ್ ಹೆಸರು ಹೇಳ್ದ. ಕೊಡ್ತೀನಿ ತಡಿ."

ಫೋನು ಕೈ ಬದಲಾಯಿತು.

"ಮಳೆ ಬಂತಕ್ಕ" ಎಂದ ಚಿರಂಜೀವಿ.

"ಹೂಂ ಕಣಪ್ಪ. ಕೇಳಿಸ್ತೈತೆ."

ಮತ್ತೆ ಮಳೆಯ ಸದ್ದು. ಅವನೂ ಇಡಲಿಲ್ಲ, ಇವರೂ ಇಡಲಿಲ್ಲ. ಆಮೇಲೆ ಯಾರೋ ಟೀ ಕೇಳಿದರು, ಶಾರದಮ್ಮನಿಗೆ ಫೋನು ಬೇಕಾಯಿತು. "ಇಡ್ತೀನಕ್ಕ" ಎಂದ.

ಈ ಸುದ್ದಿ ಲಾರಿಯವರ ಬಾಯಲ್ಲಿ ಈಗ ಊರೆಲ್ಲ ಓಡಾಡುತ್ತಿದೆ. ನಿನ್ನ ಮಾತು ನಿಜವಾಯಿತಲ್ಲ ದುರುಗಿ ಎಂದು ಜೋಗಪ್ಪನವರು ದಿನಕ್ಕೊಂದು ಸಲವಾದರೂ ಅನ್ನುತ್ತಾರೆ. ಮತ್ತೆ ಮೊದಲಿನಂತೆ ಖಡಕ್ಕಾಗಿ ಹೇಳಕ್ಕ ಎಂದು ದಾಸಣ್ಣ ದುಂಬಾಲು ಬಿದ್ದಿದ್ದಾನೆ. ದುರುಗಕ್ಕ ಒಪ್ಪಿಲ್ಲ. ಇಂದಿಗೂ ಕಿಟಕಿಯಿಂದ ಕತ್ತು ಚಾಚಿದವರಿಗೆಲ್ಲ ಬರಬಹುದಂತೆ, ಬರದೆಯೂ ಇರಬಹುದಂತೆ ಎಂದೇ ಹೇಳುತ್ತಾರೆ.

ಚಿರಂಜೀವಿ ಈ ಕಡೆ ಬಂದನೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. "ಮಳೆ ಕೇಳಾಕೆ ಫೋನ್ ಮಾಡ್ದ. ಅಷ್ಟು ಸಾಕು. ಬಾ ಅಂತ ನಾನು ಕರೆಯಾಕೆ ಆಗಲ್ಲ. ಅವ್ನಿಗೇ ಅನ್ನಿಸ್ಬೇಕು." ಬಿಸಿಲು ಟಾರ್ಪಾಲಿನ ಅಂಚಿಗೆ ಬಂದಿದೆ. ಅವರು ಕೂತಲ್ಲೇ ಸರಿದು, ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ದಬ್ಬಣಕ್ಕೆ ಹೊಸ ದಾರ ಪೋಣಿಸುತ್ತಾರೆ. ನೀವು ಹೇಳಿದಂತೆಯೇ ಆಯಿತಲ್ಲ, ಸಮಾಧಾನವಾಗಲಿಲ್ಲವೇ ಎಂದರೆ ದಾರದ ತುದಿಯನ್ನು ಹಲ್ಲಿನಲ್ಲಿ ಕಡಿಯುತ್ತಾರೆ.

"ಬಂದಿದ್ದು ಒಳ್ಳೇದೇ ಆಯ್ತು. ಆದ್ರೆ ಈ ಮಳೆ ಹೋದ ವರ್ಷ ಬರಬೇಕಿತ್ತು."